ಎರಡು ಹೋಳು

ನಮ್ಮ ಅಂಗಳದಲ್ಲಿ ಗುಲಾಬಿಗೆ ಪ್ರವೇಶವಿಲ್ಲ. ಬೇರೆಯವರು ಕಳೆಯೆಂದು ಕಿತ್ತೆಸೆಯುವ ಕಾಡುಹೂಗಳಿಗೆ ಮಾತ್ರ ನನ್ನ ಹೆಂಡತಿಯ ಸಾಮ್ರಾಜ್ಯದಲ್ಲಿ ಶಾಶ್ವತ ಪೌರತ್ವ. ಈ ನೆಲದವೇ ಆದ ಅವು ವರ್ಷವರ್ಷವೂ ಅದೇ ಬೇರಿನಿಂದ ಚಿಗುರುತ್ತವಂತೆ. ಒಣಗಿದ ಕಡ್ಡಿಯನ್ನೂ ನಾನು ಮುಟ್ಟಕೂಡದು. ಒಳಗೆ ಪುಟ್ಟ ಜೇನ್ನೊಣ ಮಲಗಿರುತ್ತದಂತೆ. (ಭಾನುವಾರ ನಾನು ಮಲಗಿದ್ದರೆ ಈ ಮರ್ಯಾದೆ ಇಲ್ಲ.)

ಮೊನ್ನೆ ಪ್ರೆಸ್ಸಿನ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಅಡುಗೆಮನೆಯಲ್ಲಿ ಅವಳು ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬ್ರೆಡ್ ಕೊಯ್ಯುವ ಉದ್ದನೆಯ ಚಾಕು ಹಿಡಿದು ಗೆಳತಿಯೊಂದಿಗೆ ಮಾತನಾಡುತ್ತಿದ್ದಳು.

"ಮೂರು ವರ್ಷ ಸಹಿಸಿಕೊಂಡೆ. ಸುತ್ತ ಹರಡಿಕೊಂಡು ಜಾಗ ತಿನ್ನುತ್ತೆ ಅಷ್ಟೇ, ನಡುವೆ ಪೂರ್ತಿ ಟೊಳ್ಳು. ಇವತ್ತು ಬೇರು ಸಮೇತ ಎಬ್ಬಿಸಿ ಎರಡು ಹೋಳು ಮಾಡಿಬಿಡ್ತೀನಿ. ಅರ್ಧ ಅಮ್ಮನ ಮನೆಗೆ."

ಇದು ನನ್ನದೇ ವಿಷಯ ಎಂದು ಖಾತ್ರಿಯಾಯಿತು. 'ತಿನ್ನುತ್ತೆ' ಎಂದರೆ ಗಂಡನ ಬಗ್ಗೆ ಆಡಿದ ಮಾತಲ್ಲ ಎಂದು ನೀವು ಹೇಳಬಹುದು. ಸಿಟ್ಟು ಬಂದಾಗ ಅವಳ ವ್ಯಾಕರಣದಲ್ಲಿ ನಾನು ನಪುಂಸಕಲಿಂಗಕ್ಕೆ ಇಳಿಯುವುದು ಹೊಸದೇನಲ್ಲ. ನಮ್ಮ ಮದುವೆಯಾಗಿ ಮೂರೇ ವರ್ಷ. ಸೋಫಾದ ತುಂಬ ಹರಡಿಕೊಳ್ಳುವವನೂ ನಾನೇ.

ಚಪ್ಪಲಿ ಮತ್ತೆ ಮೆಟ್ಟಿಕೊಂಡು ಬೀದಿಯ ತುದಿಗೆ ಓಡಿ ಭಾವಮೈದನಿಗೆ ಫೋನು ಮಾಡಿದೆ. ಅವಳ ಮಾತನ್ನು ಟೊಳ್ಳು ಸಮೇತ ಒಪ್ಪಿಸಿ, ಸಂಸಾರ ಒಡೆಯುತ್ತಿದೆ, ಅತ್ತೆಯವರನ್ನು ಕರೆದುಕೊಂಡು ಬಾ ಎಂದು ಗೋಗರೆದೆ. ತಾಯಿ ಮಗ ಸ್ಕೂಟರಿನಲ್ಲಿ ಧಾವಿಸಿ ಬಂದರು. ಮೂವರೂ ಉಸಿರು ಬಿಗಿಹಿಡಿದು ಅಂಗಳಕ್ಕೆ ಕಾಲಿಟ್ಟೆವು.

ಹೆಂಡತಿ ಮಣ್ಣಿನಲ್ಲಿ ಮಂಡಿಯೂರಿ, ತನ್ನ ಮುದ್ದಿನ ನೀಲಿ ಹೂವಿನ ಗಿಡದ ಬುಡವನ್ನು ಕರಕರ ಕೊಯ್ಯುತ್ತಿದ್ದಳು. ಮುದ್ದಿನ ಗಿಡಕ್ಕೇ ಈ ಗತಿಯಾದರೆ ನನ್ನ ಪಾಡೇನು?

ಬುಡ ಹಳತಾದರೆ ನಡು ಟೊಳ್ಳಾಗುತ್ತದೆ, ಹೋಳು ಮಾಡಿ ನೆಟ್ಟರೆ ಎರಡೂ ಹೊಸದಾಗಿ ಚಿಗುರುತ್ತವೆ ಎಂದು ಅವಳು ಸಾವಧಾನವಾಗಿ ವಿವರಿಸಿ, ಅರ್ಧವನ್ನು ಅಮ್ಮನ ಕೈಗಿತ್ತಳು. ಆಮೇಲೆ, ಹೇಳದೆ ಕೇಳದೆ ಎಲ್ಲರೂ ಬಂದದ್ದೇಕೆಂದು ವಿಚಾರಿಸಿದಳು. ಭಾವಮೈದ ಒಂದಕ್ಷರ ಬಿಡದೆ ಹೇಳಿಬಿಟ್ಟ.

ಅವಳು ಚಾಕು ಕೆಳಗಿಟ್ಟು ನನ್ನನ್ನು ದಿಟ್ಟಿಸಿದಳು.

"ಜಾಗ ತಿನ್ನುತ್ತೆ, ನಡುವೆ ಟೊಳ್ಳು ಅಂದ ಕೂಡಲೇ ಅದು ನೀವೇ ಅಂತ ಹೇಗ್ರೀ ಗೊತ್ತಾಯ್ತು?"

ನಾನು ದೀನನಾಗಿ ಅತ್ತೆಯವರ ಮುಖ ನೋಡಿದೆ. ಅವರು ಬೇರಿನ ಮಣ್ಣು ಕೊಡವುತ್ತಾ ಮಗಳಿಗೆ ಮೆಲ್ಲಗೆ ಹೇಳಿದರು:

"ಅವರನ್ನ ಬೈಬೇಡ ಕಣೇ. ಕೇಳಿದಾಗ ನಂಗೂ ಅಳಿಯಂದಿರ ವಿಷಯಾನೇ ಅನ್ನಿಸ್ತು."