ನಿದ್ದೆಯಲ್ಲಿದ್ದ ಅತಿಥಿಗೆ ದಾಸ್ತಾನು ಸಂಖ್ಯೆ ಅಂಟಿಸಿದ ಬಗ್ಗೆ

ಇಲಾಖಾ ಕಾರ್ಯಾಲಯ
ಅರಮನೆ ಹೋಟೆಲ್, ಹಿಂಬದಿಯ ಕುದುರೆಲಾಯ
(ಅಂಚೆ ಹಾಕುವವರು ಮುಂಬಾಗಿಲಿಗೆ ಹೋಗಬಾರದು, ಅಲ್ಲಿ ಕೋಣೆ ಕೊಟ್ಟುಬಿಡುತ್ತಾರೆ)

ಸುತ್ತೋಲೆ ಸಂಖ್ಯೆ: ಹೋ/ದಾಸ್ತಾನು/ಅಜ್ಜಿ/೨೧೭/ತಿದ್ದುಪಡಿ-೩

ವಿಷಯ: ಅರಮನೆ ಹೋಟೆಲಿನಲ್ಲಿ ತಂಗಿದ್ದ ಹಿರಿಯ ಅತಿಥಿಯೊಬ್ಬರನ್ನು ಪುರಾತನ ವಸ್ತುವೆಂದು ದಾಖಲಿಸಿಕೊಂಡಿದ್ದು, ಸದರಿಯವರನ್ನು ಹೊರಗೆ ಕಳುಹಿಸುವ ವಿಧಾನ ಹಾಗೂ ಇನ್ನು ಮುಂದೆ ಅತಿಥಿಗಳು ಕುಳಿತುಕೊಳ್ಳಬೇಕಾದ ಭಂಗಿ ಕುರಿತು.

ಉಲ್ಲೇಖ: ೧) ದಾಸ್ತಾನು ಪರಿಶೀಲಕರ ವರದಿ.
೨) ಸದರಿ ಅಜ್ಜಿಯವರು ಕಾಫಿ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಟ್ಟ ಮನವಿ.
೩) ಅದೇ ಅಜ್ಜಿಯವರ ಎರಡನೆಯ ಮನವಿ (ಬಳಸಿದ ಭಾಷೆಯ ಕಾರಣದಿಂದ ಕಡತದಲ್ಲಿ ಇರಿಸಿಲ್ಲ, ಸಿಬ್ಬಂದಿಗೆ ಬಾಯಿಪಾಠವಿದೆ).

ಪ್ರಸ್ತಾವನೆ

ಅರಮನೆಯನ್ನು ಹೋಟೆಲಾಗಿ ಪರಿವರ್ತಿಸುವಾಗ ಕಟ್ಟಡ, ಪೀಠೋಪಕರಣ, ಪಾರಿವಾಳ ಹಾಗೂ ನೌಕರರನ್ನು ಇದ್ದ ಸ್ಥಿತಿಯಲ್ಲಿಯೇ ವಹಿಸಿಕೊಳ್ಳಲಾಗಿದ್ದು, ನಿಯಮಗಳನ್ನೂ ಹಾಗೆಯೇ ವಹಿಸಿಕೊಳ್ಳಲಾಗಿರುತ್ತದೆ. ಆ ನಿಯಮಗಳ ಪ್ರಕಾರ ಕಟ್ಟಡದೊಳಗೆ ಕಂಡುಬರುವ, ಎಪ್ಪತ್ತೈದು ವರ್ಷ ದಾಟಿದ ಯಾವುದೇ ವಸ್ತುವಿಗೆ ಸಂಖ್ಯೆ ಅಂಟಿಸತಕ್ಕದ್ದು. ಸಂಖ್ಯೆ ಅಂಟಿದ ಯಾವುದೂ ಹೆಬ್ಬಾಗಿಲು ದಾಟತಕ್ಕದ್ದಲ್ಲ. ಈ ನಿಯಮ ಬರೆದ ಕಾಲದಲ್ಲಿ ಅರಮನೆಯಲ್ಲಿ ಯಾರೂ ಬಾಡಿಗೆ ಕೊಟ್ಟು ಮಲಗುತ್ತಿರಲಿಲ್ಲ ಎಂಬ ಅಂಶ ಇಲಾಖೆಯ ಗಮನಕ್ಕೆ ಸ್ವಲ್ಪ ತಡವಾಗಿ ಬಂದಿದೆ.

ಮೊದಲ ಮಹಡಿಯ ರಾಜಮಾತೆಯ ಕೋಣೆಯಲ್ಲಿ ಎಪ್ಪತ್ತೊಂಬತ್ತು ವರ್ಷ ವಯಸ್ಸಿನ ಅಜ್ಜಿಯೊಬ್ಬರು ತಂಗಿದ್ದರು. ಮಗ ಮನೆಗೆ ಬಣ್ಣ ಹೊಡೆಸುತ್ತಿದ್ದು, ಆ ವಾಸನೆಗೆ ತಾಯಿಗೆ ಕೆಮ್ಮು ಬರುತ್ತದೆಂದು ಎರಡು ದಿನದ ಮಟ್ಟಿಗೆ ತಂದು ಬಿಟ್ಟು ಹೋಗಿರುತ್ತಾರೆ. ಅಜ್ಜಿಯವರು ಮರುಮಾತಿಲ್ಲದೆ ಬಂದದ್ದು ಬುಧವಾರ ಮಧ್ಯಾಹ್ನದೊಳಗೆ ಬಿಡುಗಡೆ ಖಚಿತವೆಂಬ ಲೆಕ್ಕಾಚಾರದಿಂದ. ಬುಧವಾರಗಳಂದು, ಮಗ ಆಫೀಸಿನಲ್ಲಿರುವಾಗ, ಅವರು ತಮ್ಮ ಮನೆಯ ಬೀದಿಯಲ್ಲೇ ಇರುವ ನಿವೃತ್ತ ನರ್ಸಮ್ಮನ ಮನೆಯಲ್ಲಿ ಇನ್ನಿಬ್ಬರು ಗೆಳತಿಯರೊಂದಿಗೆ ಇಸ್ಪೀಟು ಆಡುತ್ತಾರೆ. ಆಟಕ್ಕೆ ನಾಲ್ವರು ಬೇಕು. ನಾಲ್ಕನೆಯ ಕುರ್ಚಿ ಖಾಲಿ ಬೀಳುವುದನ್ನೇ ಎದುರುಮನೆಯ ಗಣಿತ ಮೇಷ್ಟ್ರು ವರ್ಷಗಟ್ಟಲೆಯಿಂದ ಕಾಯುತ್ತಿದ್ದು, ಅವರು ಒಮ್ಮೆ ಕೂತರೆ ಏಳುವ ಪೈಕಿಯಲ್ಲ ಎಂದು ಅಜ್ಜಿಯವರು ಹೇಳಿಕೆ ನೀಡಿರುತ್ತಾರೆ. ಹೇಳುವಾಗ ಅವರು ಎರಡು ಸಲ ಗಡಿಯಾರ ನೋಡಿದರು ಎಂಬುದನ್ನು ವಿಚಾರಣಾ ಗುಮಾಸ್ತರು ಅಂಚಿನಲ್ಲಿ ಬರೆದಿಟ್ಟಿದ್ದಾರೆ.

ಮಂಗಳವಾರ ಊಟವಾದ ಮೇಲೆ ಅಜ್ಜಿಯವರು ಕಿಟಕಿಯ ಪಕ್ಕದ ಎತ್ತರದ ಕುರ್ಚಿಯಲ್ಲಿ, ಪರದೆಯ ಬಣ್ಣದ್ದೇ ಶಾಲು ಹೊದ್ದು, ಕೆನ್ನೆಗೆ ಕೈಯಿಟ್ಟು ನಿದ್ದೆ ಹೋದರು. ಅದೇ ವೇಳೆಗೆ ವಾರ್ಷಿಕ ದಾಸ್ತಾನು ಪರಿಶೀಲಕರು ಗೋಂದಿನ ಡಬ್ಬಿ ಹಿಡಿದು ಒಳಬಂದು, ಕುರ್ಚಿಗೆ ೨೧೬ ಹಾಗೂ ಅಜ್ಜಿಯವರಿಗೆ ೨೧೭ ಸಂಖ್ಯೆ ಅಂಟಿಸಿ, ಕೆಳಕಂಡಂತೆ ದಾಖಲಿಸಿರುತ್ತಾರೆ:

"ಕುಳಿತ ಸ್ತ್ರೀ. ಕಾಲ: ನಿರ್ಧರಿಸಬೇಕು. ಕೆಲಸಗಾರಿಕೆ ಸೂಕ್ಷ್ಮ, ಮುಖದ ಗೆರೆಗಳು ವಿಶೇಷವಾಗಿ ಚೆನ್ನಾಗಿವೆ. ಮೂಗಿನ ಮೇಲಿನ ಗಾಜು ನಂತರದ ಸೇರ್ಪಡೆ. ಹಲ್ಲುಗಳು ಮೂಲದವಲ್ಲ. ಸ್ಥಿತಿ: ಉತ್ತಮ. ಒರೆಸುವಾಗ ಸ್ವಲ್ಪ ಅಲುಗಿತು, ಬುಡ ಭದ್ರಪಡಿಸಬೇಕು."

ಬುಧವಾರ ಬೆಳಿಗ್ಗೆ ಚೀಲ ಹಿಡಿದು ಹೊರಟ ಅಜ್ಜಿಯವರನ್ನು ಹೆಬ್ಬಾಗಿಲಿನ ಕಾವಲುಗಾರ ತಡೆದಿರುತ್ತಾನೆ. "ಬಾಡಿಗೆ ಕೊಟ್ಟಿದೀನಪ್ಪ, ನಾನು ಗಿರಾಕಿ" ಎಂದು ಅಜ್ಜಿಯವರು ತಿಳಿಹೇಳಿದ್ದು, ಕಾವಲುಗಾರನು, "ಇರಬಹುದು ಅಜ್ಜಿ. ಆದ್ರೆ ಬೆನ್ನ ಮೇಲೆ ನಂಬರ್ ಇದೆಯಲ್ಲ. ಹೋದ ವರ್ಷ ಒಂದು ಹೂದಾನಿ ಬಿಟ್ಟಿದ್ದಕ್ಕೆ ನನ್ನ ಬಡ್ತಿ ನಿಂತೋಯ್ತು" ಎಂದು ಕೈಮುಗಿದಿರುತ್ತಾನೆ. ಆ ಬುಧವಾರ ಕೈತಪ್ಪಿತು. ನಾಲ್ಕನೆಯ ಕುರ್ಚಿಯಲ್ಲಿ ಮೇಷ್ಟ್ರು ಕೂತರು.

ಮೇಲ್ಕಂಡ ಹಿನ್ನೆಲೆಯಲ್ಲಿ ಎಲ್ಲ ಸರ್ಕಾರಿ ಪಾರಂಪರಿಕ ಹೋಟೆಲುಗಳಿಗೆ ಈ ಕೆಳಕಂಡಂತೆ ಆದೇಶಿಸಲಾಗಿದೆ.

೧. ಎಪ್ಪತ್ತೈದು ದಾಟಿದ ಅತಿಥಿಗಳು ಪುರಾತನ ಕುರ್ಚಿಗಳಲ್ಲಿ ಕೆನ್ನೆಗೆ ಕೈಯಿಟ್ಟು ಕಿಟಕಿಯ ಕಡೆ ನೋಡುತ್ತ ಕುಳಿತುಕೊಳ್ಳತಕ್ಕದ್ದಲ್ಲ. ನೋಡಲೇಬೇಕಿದ್ದಲ್ಲಿ ಒಂದು ಕಾಲನ್ನು ಸತತವಾಗಿ ಅಲ್ಲಾಡಿಸುತ್ತಿರತಕ್ಕದ್ದು.

೨. ಹಗಲು ನಿದ್ದೆ ಮಾಡುವವರು ಗೊರಕೆ ಹೊಡೆಯುವುದನ್ನು ಇಲಾಖೆಯು ಪ್ರೋತ್ಸಾಹಿಸುತ್ತದೆ. ಗೊರಕೆಯ ಅಭ್ಯಾಸವಿಲ್ಲದವರು ಇತ್ತೀಚಿನದೆಂದು ಮೇಲ್ನೋಟಕ್ಕೇ ತಿಳಿಯುವ ವಸ್ತುವೊಂದನ್ನು, ಉದಾಹರಣೆಗೆ ಪ್ಲಾಸ್ಟಿಕ್ ಹಲ್ಲುಜ್ಜುವ ಬ್ರಶ್ಶನ್ನು, ಕೈಯಲ್ಲಿ ಹಿಡಿದು ಮಲಗತಕ್ಕದ್ದು. ಟಿ.ವಿ. ರಿಮೋಟನ್ನು ಸೂಚಿಸುವ ಉದ್ದೇಶವಿತ್ತು, ಆದರೆ ಟಿ.ವಿ.ಗಳು ಕೆತ್ತನೆಯ ಪೆಟ್ಟಿಗೆಗಳೊಳಗಿದ್ದು, ಪೆಟ್ಟಿಗೆಗಳಿಗೂ ಸಂಖ್ಯೆ ಅಂಟಿಸಿರುವುದರಿಂದ ಅವನ್ನು ತೆರೆಯುವಂತಿಲ್ಲ. ಶಬ್ದ ಮಾತ್ರ ಕೇಳುತ್ತದೆ.

೩. ಸಂಖ್ಯೆ ಅಂಟಿಸುವ ಮುನ್ನ ಪರಿಶೀಲಕರು ವಸ್ತುವಿನ ಮುಂದೆ ನಿಂತು "ತಾವು ಅತಿಥಿಗಳೇ?" ಎಂದು ಗಟ್ಟಿಯಾಗಿ, ಗೌರವದಿಂದ ಕೇಳತಕ್ಕದ್ದು. ಉತ್ತರ ಬಂದಲ್ಲಿ ಸಂಖ್ಯೆ ಅಂಟಿಸತಕ್ಕದ್ದಲ್ಲ. ಈ ಕ್ರಮ ಪ್ರಾಯೋಗಿಕವಾಗಿ ಜಾರಿಗೆ ಬಂದಿದ್ದು, ಮೆಟ್ಟಿಲ ಕೆಳಗಿನ ಕಂಚಿನ ಸಿಂಹ, ಒಂದು ಅಂಚೆಪೆಟ್ಟಿಗೆ ಹಾಗೂ ಇಲಾಖೆಯ ಎಂಜಿನಿಯರರೊಬ್ಬರು ಉತ್ತರಿಸಿರುವುದಿಲ್ಲ. ಎಂಜಿನಿಯರರ ವಿಷಯವನ್ನು ಪ್ರತ್ಯೇಕ ಕಡತದಲ್ಲಿ ನಿರ್ವಹಿಸಲಾಗುತ್ತಿದೆ. ಅವರೂ ಒಳಗೇ ಇದ್ದಾರೆ.

೪. ಅಂಟಿಸಿದ ಸಂಖ್ಯೆಯನ್ನು ಕಿತ್ತು ಹಾಕಿದರಾಯಿತಲ್ಲ ಎಂದು ಅನೇಕರು ಸಲಹೆ ನೀಡಿದ್ದಾರೆ. ಇಂಥ ಸಲಹೆ ಕೊಡುವವರಿಗೆ ಕಡತವೆಂದರೇನೆಂದು ಗೊತ್ತಿಲ್ಲ. ದಾಸ್ತಾನಿನಿಂದ ಒಂದು ವಸ್ತುವನ್ನು ಕೈಬಿಡಲು ಮೂರೇ ಕಾರಣಗಳಿಗೆ ಅವಕಾಶವಿದೆ: ಕಳವು, ಒಡಕು, ಗೆದ್ದಲು. ಅಜ್ಜಿಯವರ ಹಿತದೃಷ್ಟಿಯಿಂದ ಮೂರನ್ನೂ ಪ್ರಯತ್ನಿಸಲಾಗಿದೆ.

(ಅ) ಕಳವು: ಅಜ್ಜಿಯವರು ತಮ್ಮನ್ನು ತಾವೇ ಕದ್ದುಕೊಂಡು ಹೋದರೆಂದು ದೂರು ದಾಖಲಿಸಿದಲ್ಲಿ, ಕಳ್ಳರು ಸಿಕ್ಕ ಕೂಡಲೇ ಮಾಲೂ ಸಿಕ್ಕಂತಾಗಿ, ಮಾಲನ್ನು ಅರಮನೆಗೇ ಹಿಂದಿರುಗಿಸಬೇಕಾಗುತ್ತದೆ. ಕೈಬಿಡಲಾಗಿದೆ.

(ಆ) ಒಡಕು: ಒಡೆದಿದ್ದೇನೆಂದು ಒಂದು ಸಾಲು ಬರೆದುಕೊಡುವಂತೆ ಕೋರಲಾಯಿತು. ಅಜ್ಜಿಯವರು, "ಗಂಡ ಹೋದಾಗ್ಲೇ ಒಡೀಲಿಲ್ಲ, ನಿಮ್ಮ ಕಾಗದಕ್ಕೆ ಒಡೀತೀನಾ" ಎಂದು ನಿರಾಕರಿಸಿರುತ್ತಾರೆ. ಕೋರಿದ ಗುಮಾಸ್ತರು ಆಮೇಲೆ ಅರ್ಧ ದಿನದ ರಜೆ ಪಡೆದಿರುತ್ತಾರೆ.

(ಇ) ಗೆದ್ದಲು: ತಜ್ಞರು ಬಂದು ಬೆನ್ನು ತಟ್ಟಿ, ಕಿವಿಗೊಟ್ಟು ಕೇಳಿ, ಒಳಗೆ ಎಲ್ಲಿಯೂ ಟೊಳ್ಳಿಲ್ಲವೆಂದು ವರದಿ ಮಾಡಿರುತ್ತಾರೆ. ಬೆನ್ನು ತಟ್ಟಿಸಿಕೊಂಡಿದ್ದರಿಂದ ಹಳೆಯ ನೋವೊಂದು ಬಿಟ್ಟಿತೆಂದು ಅಜ್ಜಿಯವರು ಅವರನ್ನು ಇನ್ನೊಮ್ಮೆ ಬರಹೇಳಿದ್ದಾರೆ.

೫. ಪ್ರದರ್ಶಿತ ವಸ್ತುಗಳು ಸಂದರ್ಶಕರಿಗೆ ಅರಮನೆಯ ಇತಿಹಾಸ ಹೇಳತಕ್ಕದ್ದಲ್ಲ. ಅಜ್ಜಿಯವರ ಸುತ್ತ ಕೆಂಪು ಹಗ್ಗ ಕಟ್ಟಿದ ಮೇಲೆ, ಅವರು ಹಗ್ಗದೊಳಗಿಂದಲೇ, ಇಲ್ಲಿನ ರಾಣಿ ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದಳೆಂದೂ ರಾಜ ಗೊತ್ತಿದ್ದೂ ಸೋಲುತ್ತಿದ್ದನೆಂದೂ ಹೇಳಿ ಜನ ಸೇರಿಸಿದ್ದಾರೆ. ಅಧಿಕೃತ ಮಾರ್ಗದರ್ಶಕರ ಹಿಂದೆ ಈಗ ಯಾರೂ ಹೋಗುತ್ತಿಲ್ಲ. ಮಾರ್ಗದರ್ಶಕರೇ ಬಂದು ಹಗ್ಗದ ಬಳಿ ನಿಲ್ಲುತ್ತಾರೆ. ಇದರಿಂದ ಅಜ್ಜಿಯವರು ಸಂತೋಷವಾಗಿದ್ದಾರೆಂದು ಮೇಲಧಿಕಾರಿಗಳು ಭಾವಿಸಿದ್ದರು. ಎರಡನೆಯ ಬುಧವಾರ ಮಧ್ಯಾಹ್ನ ಅವರು ಗೋಡೆಯ ಕಡೆ ಮುಖ ಮಾಡಿ ಕುಳಿತು ಅತ್ತಿರುತ್ತಾರೆ. ಆದ್ದರಿಂದ ಕೂಡಲೇ ಕೆಳಗಿನ ಕ್ರಮ ಕೈಗೊಳ್ಳಲಾಯಿತು.

೬. ಸಂಖ್ಯೆ ಅಂಟಿದ ವಸ್ತುವನ್ನು ಹೊರಗೆ ಕಳುಹಿಸಲು ಉಳಿದಿರುವ ಏಕೈಕ ದಾರಿ ಎರವಲು. ಎರವಲು ಕೇಳುವವರು ವಸ್ತುವಿನ ಪರಿಚಯ ತಮಗಿದೆಯೆಂದು, ವಸ್ತುವನ್ನು ನೋಡದೆಯೇ, ಬರೆದು ತೋರಿಸತಕ್ಕದ್ದು. ಎರಡು ಅರ್ಜಿಗಳು ಬಂದವು.

ಮೊದಲನೆಯದು ಮಗನದು. ಆತ ಬರೆದಿದ್ದಿಷ್ಟು: "ಎತ್ತರ ಸಾಧಾರಣ. ಬಣ್ಣ ಸಾಧಾರಣ. ಕನ್ನಡಕವಿದೆ. ಹೆಚ್ಚು ತೊಂದರೆ ಕೊಡುವುದಿಲ್ಲ." ಕನ್ನಡಕವೊಂದನ್ನು ಬಿಟ್ಟರೆ ಈ ವಿವರ ಮೆಟ್ಟಿಲ ಬಳಿಯ ಛತ್ರಿ ಸ್ಟ್ಯಾಂಡಿಗೂ ಒಪ್ಪುತ್ತದೆಂದು ಸಮಿತಿ ಅಭಿಪ್ರಾಯಪಟ್ಟಿದೆ. ಬುಧವಾರ ಮಧ್ಯಾಹ್ನ ಸದರಿಯವರು ಏನು ಮಾಡುತ್ತಾರೆ ಎಂಬ ಪ್ರಶ್ನೆಗೆ ಮಗ "ಮಲಗಿರುತ್ತಾರೆ" ಎಂದು ಉತ್ತರಿಸಿದ್ದಾರೆ.

ಎರಡನೆಯದು ನರ್ಸಮ್ಮ ಹಾಗೂ ಇಬ್ಬರು ಗೆಳತಿಯರದು. ಕೊಟ್ಟ ಹಾಳೆ ಸಾಲದೆ ಅವರು ಇನ್ನೂ ಕೇಳಿ ಪಡೆದಿರುತ್ತಾರೆ. ಅವರು ಬರೆದದ್ದು: "ಒಳ್ಳೆಯ ಎಲೆ ಬಂದರೆ ಎಡಗಿವಿ ತುರಿಸಿಕೊಳ್ಳುತ್ತಾಳೆ, ಅದು ಅವಳಿಗೇ ಗೊತ್ತಿಲ್ಲ, ನಾವೂ ಹೇಳಿಲ್ಲ. ಬಿಸಿ ಕಾಫಿ ಬೇಕು ಅಂತಾಳೆ, ಆರಿಸಿ ಕುಡೀತಾಳೆ. ಮಗನನ್ನು ಯಾರಾದರೂ ಬೈದರೆ ಆಟ ಬಿಟ್ಟು ಏಳುತ್ತಾಳೆ, ತಾನು ಮಾತ್ರ ಬೈಬಹುದು. ಬಲಗಾಲಿನ ಮೊಣಕಾಲು ಮಳೆಗೆ ಮುಂಚೆ ನೋಯುತ್ತದೆ, ಎಡಗಾಲಿನದು ಸುಮ್ಮನೆ ನೋಯುತ್ತದೆ." ಇಂಥವು ಬಹಳ ಇದ್ದು, ಕೆಲವನ್ನು ಸಮಿತಿಯ ಸದಸ್ಯರು ಗಟ್ಟಿಯಾಗಿ ಓದಲು ಸಂಕೋಚಪಟ್ಟಿರುತ್ತಾರೆ.

ಕಿವಿಯ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡು ಉಳಿದದ್ದನ್ನು ಓದುವಾಗ, ಹಗ್ಗದ ಪಕ್ಕದಲ್ಲೇ ನಡೆದ ಸಭೆಯಲ್ಲಿ ಮಗ ಹಾಜರಿದ್ದರು. "ಅಮ್ಮ ಇಸ್ಪೀಟ್ ಆಡ್ತಾಳೆ ಅಂತ ನಂಗೆ ಯಾರೂ ಹೇಳ್ಲೇ ಇಲ್ಲ" ಎಂದರು. ಹಗ್ಗದೊಳಗಿನಿಂದ ಅಜ್ಜಿಯವರು, "ಕೇಳಿದ್ರೆ ಹೇಳ್ತಿದ್ದೆ ಕಣೋ" ಎಂದರು. ಇವೆರಡು ವಾಕ್ಯಗಳನ್ನು ನಡಾವಳಿಯಿಂದ ತೆಗೆಯುವಂತೆ ಯಾರೂ ಕೇಳಿರುವುದಿಲ್ಲ.

೭. ಆದ್ದರಿಂದ, ೨೧೭ನೆಯ ಸಂಖ್ಯೆಯ ವಸ್ತುವನ್ನು ನರ್ಸಮ್ಮನವರ ಇಸ್ಪೀಟು ಮೇಜಿಗೆ ಕಾಯಂ ಎರವಲಾಗಿ ನೀಡಲಾಗಿದೆ. ರಾತ್ರಿ ಮಲಗಲು ವಸ್ತುವು ತನಗೆ ತೋಚಿದ ಮನೆಗೆ ಹೋಗಬಹುದು. ಕೆಳಕಂಡ ಷರತ್ತುಗಳು ಅನ್ವಯಿಸುತ್ತವೆ: ಬಿಸಿಲಿಗೆ ಇಡಬಾರದು. ಎತ್ತುವಾಗ ಕಿವಿ ಹಿಡಿದು ಎತ್ತಬಾರದು. ವಸ್ತು ಮಾತಾಡುತ್ತಿರುವಾಗ ನಡುವೆ ಎದ್ದು ಹೋಗಬಾರದು. ಒಂದೇ ಕತೆಯನ್ನು ಎರಡನೆಯ ಸಲ ಹೇಳಿದಲ್ಲಿ ಮೊದಲ ಸಲ ಕೇಳಿದಂತೆಯೇ ಕೇಳತಕ್ಕದ್ದು. ಮೂರನೆಯ ಸಲ ಸ್ವಲ್ಪ ನಗಲು ಅವಕಾಶವಿದೆ.

೮. ನಾಲ್ಕನೆಯ ಕುರ್ಚಿಯನ್ನು ತೆರವುಗೊಳಿಸುವ ವಿಷಯ: ಗಣಿತ ಮೇಷ್ಟ್ರು ಕುರ್ಚಿಯಲ್ಲಿ ಎರಡು ಬುಧವಾರ ಸತತವಾಗಿ ಕುಳಿತಿರುವ ಆಧಾರದ ಮೇಲೆ ಹಕ್ಕು ಸಾಧಿಸಿ, ಏಳಲು ನಿರಾಕರಿಸಿದ್ದರು. ಸ್ಥಳ ತಪಾಸಣೆಗೆ ಹೋದ ದಾಸ್ತಾನು ಪರಿಶೀಲಕರು ಗೋಂದಿನ ಡಬ್ಬಿಯ ಮುಚ್ಚಳ ತೆಗೆದು, ಮೇಷ್ಟ್ರ ಬೆನ್ನ ಹಿಂದೆ ನಿಂತು, ವಯಸ್ಸೆಷ್ಟೆಂದು ವಿಚಾರಿಸಿದ್ದೇ ತಡ, ಅವರು ಎಪ್ಪತ್ತನಾಲ್ಕೆಂದು ಹೇಳಿ ಕುರ್ಚಿ ಬಿಟ್ಟಿರುತ್ತಾರೆ. ವಾಸ್ತವವಾಗಿ ಎಂಬತ್ತೊಂದು ಎಂದು ನರ್ಸಮ್ಮ ತಿಳಿಸಿದ್ದಾರೆ. ಇಲಾಖೆಯು ಈ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡಿದೆ.

೯. ಈ ಸುತ್ತೋಲೆಯನ್ನು ಓದುವಾಗ ನಗುವ ಸಿಬ್ಬಂದಿ, ನಕ್ಕ ಅವಧಿಯನ್ನು ಸಾಂದರ್ಭಿಕ ರಜೆಗೆ ಹೊಂದಿಸಿಕೊಳ್ಳತಕ್ಕದ್ದು.

ಈ ಆದೇಶವು ಬರುವ ಬುಧವಾರ ಮಧ್ಯಾಹ್ನ, ಎಲೆ ಹಂಚುವ ಮುನ್ನ, ಜಾರಿಗೆ ಬರುತ್ತದೆ.

(ಸಹಿ ಇದೆ)
ಸಹಾಯಕ ನಿರ್ದೇಶಕರು
ಚರವಸ್ತುಗಳು ಹಾಗೂ ಅತಿಥಿಗಳ ವಿಭಾಗ

ಪ್ರತಿಗಳು:
೧. ಎಲ್ಲ ಪಾರಂಪರಿಕ ಹೋಟೆಲುಗಳ ವ್ಯವಸ್ಥಾಪಕರಿಗೆ. ಕೋಣೆಯ ಕನ್ನಡಿಯ ಪಕ್ಕ ಅಂಟಿಸಲು. ಕನ್ನಡಿಯ ಮೇಲೆ ಅಂಟಿಸಬಾರದು, ಅದು ೧೯೮.
೨. ಹೆಬ್ಬಾಗಿಲಿನ ಕಾವಲುಗಾರನಿಗೆ, ಅಜ್ಜಿಯವರನ್ನು ಬಿಡಲು. ಎಂಜಿನಿಯರರನ್ನು ಬಿಡಲು ಅಲ್ಲ.
೩. ಗೆದ್ದಲು ತಜ್ಞರಿಗೆ, ಬೆನ್ನು ತಟ್ಟಲು ಇನ್ನು ಮುಂದೆ ನರ್ಸಮ್ಮನ ಮನೆಗೆ ಬರುವಂತೆ.
೪. ಗಣಿತ ಮೇಷ್ಟ್ರಿಗೆ, ಮಾಹಿತಿಗಾಗಿ ಮತ್ತು ದೂರದಿಂದಲೇ ಓದಲು.
೫. ಮಗನಿಗೆ, ಆತನು ವಸ್ತುವಿನ ಪರಿಚಯದ ಮರುಪರೀಕ್ಷೆ ಕೋರಿ ಸಲ್ಲಿಸಿದ ಅರ್ಜಿಯನ್ನು ಅಂಗೀಕರಿಸಲಾಗಿದೆ. ಪರೀಕ್ಷೆಗೆ ಪಠ್ಯಪುಸ್ತಕವಿಲ್ಲ. ಬುಧವಾರಗಳಂದು ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಐದನೆಯ ಕುರ್ಚಿಯನ್ನು ತಾನೇ ಮನೆಯಿಂದ ತಂದು, ತಾಯಿಯ ಪಕ್ಕದಲ್ಲಿ ಕುಳಿತುಕೊಳ್ಳತಕ್ಕದ್ದು. ಕಿವಿಯ ವಿಷಯ ಆಕೆಗೆ ಹೇಳತಕ್ಕದ್ದಲ್ಲ.