ಕಣ್ಣು ಮುಚ್ಚಿ, ಮುಟ್ಟಿದಾಗ ಹೇಳಿ

ನರಗಳ ಪರೀಕ್ಷೆ ನಡೆಯುವಾಗ ನಗಬಾರದು ಎಂದು ನಾನು ದಿನಾ ಬೆಳಿಗ್ಗೆ ಬಸ್ಸಿನಲ್ಲೇ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತೇನೆ. ಮೊದಲ ಪೇಷಂಟು ಬೆಂಚು ಹತ್ತುವವರೆಗೆ ಆ ಗಟ್ಟಿತನ ಉಳಿಯುತ್ತದೆ. ನಾನು ನರ್ಸು. ನಮ್ಮ ಡಾಕ್ಟರು ನರದ ಸ್ಪೆಷಲಿಸ್ಟು. ಜಗಳೂರು, ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಎಂದು ವಾರದಲ್ಲಿ ಒಂದೊಂದು ದಿನ ಒಂದೊಂದು ಊರಿನಲ್ಲಿ ಕೂರುತ್ತಾರೆ. ಅವರ ಬ್ಯಾಗಿನಲ್ಲಿ ಒಂದು ರಬ್ಬರ್ ಸುತ್ತಿಗೆ, ಬಡಿದರೆ ಗುಂಯ್ ಎನ್ನುವ ಒಂದು ಲೋಹದ ಕವೆ, ಒಂದು ಗಡಸು ನೈಲಾನ್ ದಾರ ಇರುತ್ತವೆ. ನನ್ನ ಹತ್ತಿರ ಇರುವುದು ಬರೀ ಕುತೂಹಲ. ನಮ್ಮ ಮೈ ನಮಗೇ ಹೇಳದೆ ಒಳಗೊಳಗೇ ಏನೇನು ಮಾಡುತ್ತದೆ ಎಂದು ಪೇಷಂಟಿಗಿಂತ ಮೊದಲು ನಾನೇ ಕೇಳುತ್ತೇನೆ. ಡಾಕ್ಟರಿಗೆ ಅದು ಸ್ವಲ್ಪ ಕಿರಿಕಿರಿ, ಆದರೂ ಹೇಳುತ್ತಾರೆ.

ಒದ್ದದ್ದು ಯಾರು?

ಜಗಳೂರಿನಲ್ಲಿ ಸೊಕ್ಕೆ ಕಡೆಯ ಒಬ್ಬ ಅಜ್ಜಿ ಬಂದಿದ್ದರು. ಬೆಂಚಿನ ಅಂಚಿಗೆ ಕೂರಿಸಿ, ಕಾಲು ಇಳಿಬಿಡಿಸಿ, ಡಾಕ್ಟರು ಮಂಡಿಚಿಪ್ಪಿನ ಕೆಳಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಕಾಲು ಚಂಗನೆ ಎದ್ದು ಡಾಕ್ಟರ ತೊಡೆಗೇ ಬಡಿಯಿತು.

ಅಜ್ಜಿ ಗಾಬರಿಯಾಗಿ ಬೆಂಚಿನಿಂದ ಇಳಿದೇಬಿಟ್ಟರು. "ಅಯ್ಯೋ ನಮ್ಮಪ್ಪಾ, ದೇವ್ರಂಥೋರಿಗೆ ಕಾಲು ತಾಗಿಸ್ಬಿಟ್ನಲ್ಲ! ನಾನಲ್ಲಪ್ಪ ಒದ್ದಿದ್ದು, ಈ ಹಾಳು ಕಾಲು!" ಎನ್ನುತ್ತ ಡಾಕ್ಟರ ಪಾದ ಹಿಡಿಯಲು ಬಗ್ಗಿದರು.

ಡಾಕ್ಟರು ಹಿಡಿದೆತ್ತಿ ಸಮಾಧಾನ ಹೇಳಿದರು. "ನಿಜ ಅಜ್ಜಿ, ನೀವು ಒದ್ದಿಲ್ಲ. ಇಲ್ಲಿ ತಟ್ಟಿದ ಸುದ್ದಿ ಬೆನ್ನುಹುರಿ ತನಕ ಹೋಗುತ್ತೆ. ಅಲ್ಲಿಂದ್ಲೇ ಕಾಲಿಗೆ ಅಪ್ಪಣೆ ಬರುತ್ತೆ. ತಲೆಗೆ ಗೊತ್ತಾಗೋ ಹೊತ್ತಿಗೆ ಕಾಲು ಎದ್ದಾಗಿರುತ್ತೆ."

"ಅಂದ್ರೆ ನನ್ನ ಕೇಳ್ದಂಗೆ ಒದಿತೈತಾ?"

"ಹೌದು."

"ನಂದೇನೂ ತಪ್ಪಿಲ್ಲ?"

"ಏನೇನೂ ಇಲ್ಲ."

ಅಜ್ಜಿ ಮತ್ತೆ ಬೆಂಚು ಹತ್ತಿ, ಸೆರಗು ಸರಿಮಾಡಿಕೊಂಡು, ಬಾಗಿಲ ಹತ್ತಿರ ನಿಂತಿದ್ದ ಗಂಡನನ್ನು ಒಮ್ಮೆ ನೋಡಿದರು. "ಹಂಗಾರೆ ಇನ್ನೊಂದು ಮಂಡಿಗೆ ಹೊಡಿಯಾಕೆ ಮುಂಚೆ ನೀವು ಸರ್ಕೊಳ್ರಿ ಡಾಕ್ಟ್ರೇ. ಅಲ್ಲಿ ನಮ್ಮ ಯಜಮಾನ್ರು ನಿಂತ್ಕಂತಾರೆ."

ನಗದ ಸಾಹುಕಾರರು

ನ್ಯಾಮತಿಯಲ್ಲಿ ಗೊಬ್ಬರದ ಅಂಗಡಿಯ ಒಬ್ಬ ಸಾಹುಕಾರರಿದ್ದಾರೆ. ಅವರು ನಕ್ಕಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಡಾಕ್ಟರು ಅವರ ಅಂಗಾಲಿನ ಮೇಲೆ ಸುತ್ತಿಗೆಯ ಹಿಡಿಯಿಂದ ಒಂದು ಗೆರೆ ಎಳೆದರು ನೋಡಿ, ಸಾಹುಕಾರರು ಕಿಲಕಿಲ ಎಂದರು. ಎರಡನೇ ಗೆರೆಗೆ ಬೆಂಚು ಅಲುಗಾಡಿತು. ಹೊರಗೆ ಕೂತವರೆಲ್ಲ ಎದ್ದು ಬಂದು ಕಿಟಕಿಯಲ್ಲಿ ಇಣುಕಿದರು.

ಕಣ್ಣೊರೆಸಿಕೊಂಡು ಸುಧಾರಿಸಿಕೊಂಡ ಮೇಲೆ ಸಾಹುಕಾರರು ತಮ್ಮ ಅಂಗಾಲನ್ನು ತಾವೇ ಕೆರೆದು ನೋಡಿದರು. ಏನೂ ಆಗಲಿಲ್ಲ. "ಇದೇನ್ರಿ ಸಿಸ್ಟರ್, ಅದೇ ಕಾಲು, ಅದೇ ಜಾಗ. ನಾನೇ ಮಾಡ್ಕೊಂಡ್ರೆ ಯಾಕೆ ನಗು ಬರಲ್ಲ?"

ನನಗೂ ಗೊತ್ತಿರಲಿಲ್ಲ. ಇಬ್ಬರೂ ಡಾಕ್ಟರ ಮುಖ ನೋಡಿದೆವು. "ನಿಮ್ಮ ಕೈ ಎಲ್ಲಿಗೆ ಹೋಗುತ್ತೆ ಅಂತ ನಿಮ್ಮ ಮಿದುಳಿಗೆ ಮೊದಲೇ ಗೊತ್ತಿರುತ್ತೆ. ಮುಂಚೆಯೇ ಗೊತ್ತಿರೋದಕ್ಕೆ ಅದು ಅಷ್ಟಾಗಿ ತಲೆ ಕೆಡಿಸಿಕೊಳ್ಳಲ್ಲ. ಅದಕ್ಕೇ ನಗು ಬರಲ್ಲ" ಎಂದರು ಅವರು.

ಸಾಹುಕಾರರು ಕಾಲು ಕೆಳಗಿಳಿಸಿದರು. ಆಮೇಲೆ ದೊಡ್ಡ ಭಾರ ಇಳಿದವರಂತೆ ಉಸಿರು ಬಿಟ್ಟರು. "ಸರಿಯಾತು ಬಿಡ್ರಿ. ನಮ್ಮ ಬೀಗರ ಅದೇ ಹಳೇ ಜೋಕಿಗೆ ಇಷ್ಟು ವರ್ಷದಿಂದ ನಗು ಬರ್ದೇ ಇರೋದು ನನ್ನ ತಪ್ಪಲ್ಲ, ಮಿದುಳಿಂದು!"

ಗುಂಯ್

ಇದು ಚಿಕ್ಕದು. ಹೊನ್ನಾಳಿಯಲ್ಲಿ ಒಬ್ಬ ಮದುವೆ ದಲ್ಲಾಳಿ. ಊಟವಿಲ್ಲದಿದ್ದರೂ ಇರುತ್ತಾರೆ, ಫೋನಿಲ್ಲದಿದ್ದರೆ ಇಲ್ಲ. ಒಳಗೆ ಫೋನು ಬೇಡ ಎಂದು ನಾನೇ ಇಸಿದುಕೊಂಡು ಆಫ್ ಮಾಡಿ ಮೇಜಿನ ಮೇಲೆ ಇಟ್ಟಿದ್ದೆ. ಡಾಕ್ಟರು ಕವೆಯನ್ನು ಬಡಿದು, ಅದು ಗುಂಯ್ ಎನ್ನುವಾಗ ಅವರ ಕಾಲಿನ ಗಂಟಿಗೆ ಒತ್ತಿ, "ಏನಾದ್ರೂ ಗೊತ್ತಾಗ್ತಿದೆಯಾ?" ಎಂದರು.

ದಲ್ಲಾಳಿ ಕಣ್ಣು ಮುಚ್ಚಿಕೊಂಡೇ ಖಾಲಿ ಜೇಬಿಗೆ ಕೈ ಹಾಕಿ, ಖಾಲಿ ಕೈಯನ್ನು ಕಿವಿಗಿಟ್ಟುಕೊಂಡರು. "ಹಲೋ, ಹೇಳ್ರಿ, ಹುಡುಗಿ ಕಡೆಯೋರು ಒಪ್ಪಿದ್ರಾ?"

"ನರ ಚೆನ್ನಾಗಿವೆ. ಕಾಯಿಲೆ ಬೇರೆ" ಎಂದರು ಡಾಕ್ಟರು.

ಹೂಂಗುಟ್ಟುವ ಅಜ್ಜ

ಚನ್ನಗಿರಿಯ ಈ ಪ್ರಸಂಗದಲ್ಲಿ ನನಗೆ ಮೊದಲು ನಗು ಬರಲಿಲ್ಲ. ಹತ್ತಿರದ ತಾಂಡಾದ ಒಬ್ಬ ಅಜ್ಜನನ್ನು ಮಗಳು, ಅಳಿಯ ಕರೆತಂದಿದ್ದರು. ಅಜ್ಜನಿಗೆ ಬಹಳ ಕಾಲದ ಸಕ್ಕರೆ ಕಾಯಿಲೆ. ಪ್ರತಿ ವರ್ಷ ಸೂರಗೊಂಡನಕೊಪ್ಪದ ಜಾತ್ರೆಗೆ ಬರಿಗಾಲಲ್ಲಿ ನಡೆದು ಹೋಗುವ ಹರಕೆ. ಹೋದ ಸಲ ಪಾದಕ್ಕೆ ಗಾಜು ಚುಚ್ಚಿದ್ದು ಗೊತ್ತೇ ಆಗದೆ ನಡೆದಿದ್ದರು. ಆ ಗಾಯ ಮಾಯಲು ಆಸ್ಪತ್ರೆ ಸೇರಬೇಕಾಯಿತು.

"ಈ ಸಲ ಹಂಗೇನಾದ್ರೂ ಆದ್ರೆ ಕಾಲೇ ತೆಗೀಬೇಕಾಗ್ತೈತಂತೆ. ನಮ್ಮ ಮಾತು ಕೇಳಲ್ರಿ ಅಪ್ಪ" ಎಂದಳು ಮಗಳು, ಕಣ್ಣಲ್ಲಿ ನೀರು ತುಂಬಿಕೊಂಡು.

"ಪಾದದಾಗೆ ಸ್ಪರ್ಶ ಇಲ್ಲ ಅಂತ ತೋರಿಸ್ರಿ, ಚಪ್ಪಲಿ ಹಾಕ್ಕಂತೀನಿ. ಐತೆ ಅಂದ್ರೆ ಬರಿಗಾಲೇ" ಎಂದರು ಅಜ್ಜ.

ಬೆಂಚಿನ ಮೇಲೆ ಮಲಗಿಸಿದೆ. "ಕಣ್ಣು ಮುಚ್ಚಿ ಅಜ್ಜಾರೆ. ದಾರದಿಂದ ಮುಟ್ಟಿದಾಗ ಹೂಂ ಅನ್ರಿ." ಮುಟ್ಟಿದೆ, "ಹೂಂ" ಎಂದರು. ಮುಟ್ಟಲಿಲ್ಲ, ಆಗಲೂ "ಹೂಂ". ದಾರ ಕೆಳಗಿಟ್ಟು ಕೈಕಟ್ಟಿ ನಿಂತೆ. ಕಥೆ ಕೇಳುವವರ ಹಾಗೆ "ಹೂಂ, ಹೂಂ" ನಡೆದೇ ಇತ್ತು. ಈ ಮುದುಕರ ಹಟಕ್ಕೆ ನನಗೆ ಸಿಟ್ಟೂ ಬಂತು, ಭಯವೂ ಆಯಿತು. ಡಾಕ್ಟರು ಕೈಚೆಲ್ಲಿ, "ಆಯ್ತು, ಎರಡು ನಿಮಿಷ ಹಾಗೇ ಮಲಗಿರಿ" ಎಂದರು.

ಅಜ್ಜನ ಪಂಚೆ ಸರಿಮಾಡಲು ಬಗ್ಗಿದಾಗ ನನ್ನ ಬೆರಳು ಅವರ ಬಲಪಾದಕ್ಕೆ ತಾಗಿತು. ಚಾವಣಿ ನೋಡುತ್ತಿದ್ದ ಅಜ್ಜ ತಟ್ಟನೆ ಕೈ ಎತ್ತಿ, "ಒಳ್ಳೇದಾಗ್ಲಿ ತಾಯಿ" ಎಂದರು.

ಡಾಕ್ಟರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಬೆರಳ ತುದಿಯಿಂದ ಮೆಲ್ಲಗೆ ಮುಟ್ಟುವುದೂ ಒಂದು ಪರೀಕ್ಷೆಯೇ. ಡಾಕ್ಟರು ಅಜ್ಜನ ತಲೆಯ ಹತ್ತಿರ ಕುರ್ಚಿ ಎಳೆದುಕೊಂಡು, "ಅಜ್ಜಾರೆ, ಯಾವ ದಾರಿ ಹಿಡಿದು ಹೋಗ್ತೀರಿ?" ಎಂದು ಮಾತಿಗೆಳೆದರು. ನಾನು ಕಾಲಿನ ಕಡೆ ನಿಂತೆ.

"ಬೆಳಿಗ್ಗೆ ರೊಟ್ಟಿ ಕಟ್ಕಂಡು ಹೊಂಟ್ರೆ... ಚೆನ್ನಾಗಿರವ್ವ... ಬಿಸಿಲೇರೋ ಮುಂಚೆ ಅರ್ಧ ದಾರಿ... ಮಕ್ಳು ಮರಿ ಸುಖವಾಗಿರ್ಲಿ... ಹೊನ್ನಾಳಿ ದಾಟಿದ ಮ್ಯಾಲೆ ಸಲೀಸು."

ಬಲಗಾಲಿನಲ್ಲಿ ಎಲ್ಲಿ ಮುಟ್ಟಿದರೂ ಆಶೀರ್ವಾದ ಬಂತು. ಎಡಗಾಲಿನ ಹೆಬ್ಬೆರಳು ಮುಟ್ಟಿದೆ. ಅಜ್ಜ ಹೊನ್ನಾಳಿ ದಾಟಿ ಮುಂದೆ ಹೋಗುತ್ತಲೇ ಇದ್ದರು. ಕಿರುಬೆರಳು ಮುಟ್ಟಿದೆ, ಅಲ್ಲೂ ಏನಿಲ್ಲ. ಮತ್ತೊಮ್ಮೆ ಹೆಬ್ಬೆರಳು ಮುಟ್ಟಿದೆ. ಬರಲಿ ದೇವರೇ, ಒಂದಾದರೂ ಬರಲಿ ಎಂದು ನಿಜವಾಗಿ ಬೇಡಿಕೊಂಡೆ. ಬರಲಿಲ್ಲ. ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು.

"ಅಜ್ಜಾರೆ, ಸಿಸ್ಟರು ನಿಮ್ಮ ಎಡಗಾಲಿನ ಬೆರಳನ್ನ ಆಗಿಂದ ಮುಟ್ತಾ ಇದ್ದಾರೆ. ನೀವು ಅವರಿಗೆ ಆಶೀರ್ವಾದ ಮಾಡ್ಲೇ ಇಲ್ಲ" ಎಂದರು ಡಾಕ್ಟರು.

ಅಜ್ಜ ಎದ್ದು ಕೂತರು. ನನ್ನ ಬೆರಳು ಇನ್ನೂ ಅಲ್ಲೇ ಇತ್ತು. ಅದನ್ನು ನೋಡಿದರು, ತಾವೂ ಮುಟ್ಟಿ ನೋಡಿಕೊಂಡರು. ಅವರ ಮುಖ ಇಳಿದುಹೋಯಿತು. ನಾನು ಮುಟ್ಟದಿದ್ದಾಗಲೂ ಹೂಂ ಎಂದು ಸುಳ್ಳು ಹೇಳುವಾಗ ಅವರಿಗೆ ಏನೂ ಅನ್ನಿಸಿರಲಿಲ್ಲ. ಕಾಲು ಮುಟ್ಟಿದವರನ್ನು ಹರಸದೆ ಸುಮ್ಮನಿದ್ದೆ ಎನ್ನುವುದು ಮಾತ್ರ ಎದೆಗೆ ಹೋಗಿ ನಾಟಿತ್ತು.

ತಮ್ಮ ಹೆಬ್ಬೆರಳನ್ನು ಹಿಡಿದುಕೊಂಡೇ, "ನಡ್ಕಂಡು ಬರ್ತೀನಿ ಅಂತ ಹರಕೆ ಹೊತ್ತಿದ್ದೆ. ಬರಿಗಾಲಲ್ಲಿ ಅಂತ ಬಾಯಿಬಿಟ್ಟು ಅಂದಿರಲಿಲ್ಲ. ಮೆತ್ತಗಿರೋ ಚಪ್ಪಲಿ ಕೊಡ್ಸವ್ವ" ಎಂದರು ಮಗಳಿಗೆ. ಅವಳು ಅಳುತ್ತಲೇ ನಕ್ಕಳು.

ನಮಗೆಲ್ಲ ಹಗುರವಾಯಿತು. ಆದರೆ ಅಜ್ಜನ ಯೋಚನೆ ಮುಗಿದಿರಲಿಲ್ಲ. ಎಡಗಾಲನ್ನೇ ದಿಟ್ಟಿಸುತ್ತ ಕೂತಿದ್ದವರು ಮೆಲ್ಲಗೆ ತಲೆಯೆತ್ತಿ, ಗೋಡೆಗೆ ಒರಗಿ ನಿಂತಿದ್ದ ಅಳಿಯನನ್ನು ನೋಡಿದರು.

"ಅಳಿಯಂದ್ರೇ, ಪ್ರತಿ ಸಲ ಸರ್ಕಾರಿ ಕೆಲ್ಸದ ಪರೀಕ್ಷೆಗೆ ಹೋಗೋವಾಗ ಅವಸರದಾಗೆ ನನ್ನ ಎಡಗಾಲಿನ ಬೆರಳು ಒಂದು ಮುಟ್ಟಿ ಗಾಡಿ ಹತ್ತಿಬಿಡ್ತೀರಲ್ಲ. ಒಂದು ನಮಸ್ಕಾರನೂ ನನಗೆ ತಲುಪಿಲ್ಲ. ಇನ್ನೊಂದ್ಸಲ ಅರ್ಜಿ ಹಾಕ್ರಿ, ಈ ಸಲ ಬಲಗಾಲು ಹಿಡೀರಿ!"