ಕುದುರೆ ಇಲ್ಲದ ಕೋವಿ

ಶಿವಪ್ರಸಾದನ ಕುದುರೆ ಕಳೆದುಹೋದದ್ದು ಶನಿವಾರ ಬೆಳಿಗ್ಗೆ, ಒಗ್ಗರಣೆಯ ಹೊತ್ತಿಗೆ.

ಅದು ಬೆರಳುದ್ದದ, ಬಾಗಿದ ಮರದ ಕುದುರೆ. ಕೋವಿಯಲ್ಲಿ ಬೆರಳಿಟ್ಟು ಎಳೆಯುವ ಕೊಕ್ಕೆಗೆ ಕನ್ನಡದಲ್ಲಿ ಕುದುರೆಯೆಂದೇ ಹೆಸರು. ಹೆಸರಿಟ್ಟ ಪುಣ್ಯಾತ್ಮ ಯಾರೋ, ಅದರಿಂದ ಅಮೆರಿಕದ ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿನಲ್ಲಿ ಒಂದು ಸಂಸಾರ ಮುಗ್ಗರಿಸಬಹುದೆಂದು ಅವನಿಗೆ ಹೊಳೆದಿರಲಾರದು.

ಪ್ರಪಂಚದ ಕಂಪ್ಯೂಟರುಗಳೆಲ್ಲ ಎರಡು ಸಾವಿರನೇ ಇಸವಿಗೆ ಹೆದರಿ ಕೂತಿದ್ದ ವರ್ಷ ಅದು. ಶಿವಪ್ರಸಾದ ಮ್ಯಾನ್‌ಹಟನ್ನಿನ ಬ್ಯಾಂಕೊಂದರಲ್ಲಿ ಎರಡಂಕಿಯ ಇಸವಿಗಳನ್ನು ಹುಡುಕಿ ನಾಲ್ಕಂಕಿ ಮಾಡುತ್ತಿದ್ದ. ಜಗತ್ತೇ ಅವನನ್ನು ನಂಬಿಕೊಂಡಿತ್ತು, ಅವನ ಮಾವನೊಬ್ಬರನ್ನು ಬಿಟ್ಟು.

ಮಾವ ಈಶಣ್ಣನವರು ನಿವೃತ್ತ ಸುಬೇದಾರ್. ಮಗಳ ಮನೆಗೆ ಬಂದ ಮೊದಲ ದಿನವೇ, "ಆಫೀಸಲ್ಲಿ ಏನ್ ಮಾಡ್ತೀರಿ?" ಎಂದು ಕೇಳಿದ್ದರು.

"ಟೈಪ್ ಮಾಡ್ತೀನಿ ಮಾವ, ಪ್ರೋಗ್ರಾಮು."

"ಬೆಳಿಗ್ಗೆಯಿಂದ ಸಂಜೆವರೆಗೂ ಬಟನ್ನೇ ಒತ್ತೋದಾ?"

ಅಂದಿನಿಂದ ಅವನು ಬಟನ್ ಮಾಸ್ಟ್ರು. 'ಅಳಿಯಂದಿರೇ' ಎಂಬ ಪದ ಅವರ ಬಾಯಿಂದ ಒಮ್ಮೆಯೂ ಉದುರಲಿಲ್ಲ. ಆ ಒಂದು ಪದಕ್ಕಾಗಿಯೇ ಶಿವಪ್ರಸಾದ ಕೋವಿ ಕಟ್ಟಲು ಕೂತದ್ದು.

ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಸ್ನೈಪರ್ ಕೋವಿ. ಮಾವ ಪಲ್ಟನ್ನಿನಲ್ಲಿ ಹೊತ್ತು ತಿರುಗಿದ್ದು ಅದನ್ನೇ ಎಂದು ಅತ್ತೆ ಫೋನಿನಲ್ಲಿ ಹೇಳಿದ್ದರು. ಅವರ ಹುಟ್ಟುಹಬ್ಬಕ್ಕೆ ಅದರ ಪಡಿಯಚ್ಚನ್ನೇ ಕೊಡುವುದೆಂದು ಅವನು ನಿಶ್ಚಯಿಸಿದ. ಹಿಕ್ಸ್‌ವಿಲ್ಲಿನ ಗೆಳೆಯ ಮಹದೇವನ ಗರಾಜಿನಲ್ಲಿ ಶನಿವಾರಗಳನ್ನೆಲ್ಲ ಸುರಿದು, ಮರ ಕೆತ್ತಿ, ಪರದೆಯ ಸರಳಿನಿಂದ ನಳಿಗೆ, ಹಳೇ ಟಾರ್ಚಿನಿಂದ ದುರ್ಬೀನು ಮಾಡಿದ್ದ. ನಕಲಿ ಕೋವಿಗೆ ಗುರುತಿರಬೇಕೆಂಬ ಇಲ್ಲಿನ ಕಾನೂನಿಗೆ ಅಂಜಿ ನಳಿಗೆಯ ತುದಿಗೆ ಕಿತ್ತಳೆ ಬಣ್ಣ ಬಳಿದಿದ್ದ; ಕೋವಿ ಆಗತಾನೆ ಕೇಸರಿಭಾತು ತಿಂದು ಬಂದಂತಿತ್ತು. ಮಿಕ್ಕಂತೆ ಒಂದು ಮೊಳೆಯೂ ಆಚೀಚೆ ಇಲ್ಲ. ಹೆಂಡತಿ ಲಾವಣ್ಯಾಳಿಗೆ ಮಾತ್ರ ಶನಿವಾರಗಳ ಲೆಕ್ಕ 'ಆಫೀಸಿನ ಅರ್ಜೆಂಟು'.

ಈಗ ಅದೇ ಹುಟ್ಟುಹಬ್ಬದ ದಿನ, ಕರಿಬಣ್ಣ ಒಣಗಲೆಂದು ಅಡುಗೆಮನೆಯ ಕಿಟಕಿಯಲ್ಲಿಟ್ಟ ಕುದುರೆ ಮಾಯ.

ಅವನು ಬಾಲ್ಕನಿಗೆ ಹೋಗಿ ಮಹದೇವನಿಗೆ ಫೋನ್ ಹಚ್ಚಿದ. "ಕುದುರೆ ಕೈಕೊಡ್ತು ಕಣೋ. ಇವತ್ತು ಸಂಜೆ ಒಳಗೆ ಇನ್ನೊಂದು ಕುದುರೆ ಸಿಗ್ಲೇಬೇಕು... ಲಾವಣ್ಯಂಗೆ ಏನೂ ಗೊತ್ತಿಲ್ಲಪ್ಪ... ಗುಂಡಾ? ಬೇಡ, ಮಾವ ಮನೇಲಿದಾರೆ. ಗುಂಡು ನಿನ್ ಹತ್ರಾನೇ ಇರ್ಲಿ."

ಮಹದೇವ ಕೊಡಲು ಹೊರಟದ್ದು ಮರದ ಡಮ್ಮಿ ಗುಂಡು. ಆದರೆ ಪಕ್ಕದ ಬಾಲ್ಕನಿಯಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದ ಜಲಜಾಕ್ಷಿ ಆಂಟಿಗೆ ಅದು ಹೇಗೆ ಗೊತ್ತಾಗಬೇಕು? ಕರಿಬೇವಿಗೆ ಬೀಳಬೇಕಾದ ನೀರು ಅವರ ಪಾದಕ್ಕೇ ಬಿತ್ತು. ಆ ಒದ್ದೆ ಚಪ್ಪಲಿಯಲ್ಲೇ ಲಾವಣ್ಯಾಳ ಬಾಗಿಲಿಗೆ ಬಂದರು.

"ನಿಂಗೆ ಗೊತ್ತುಂಟಾ ಮಾರಾಯ್ತಿ, ನಿನ್ ಗಂಡ ಎಂತ ಮಾಡ್ತಾ ಇದ್ದಾರೆ ಅಂತ?" ಎಂದವರೇ, ಬಾಯಿಗೆ ಕೈ ಅಡ್ಡ ಹಿಡಿದು, ಕತ್ತು ಕುಗ್ಗಿಸಿ, ಶಿವಪ್ರಸಾದನ ಮೂಗಿನ ಪಿಸುದನಿಯನ್ನು ಹಾಗೆಯೇ ಇಳಿಸಿದರು: "ಕುದುರೆ ಕೈಕೊಡ್ತು ಕಣೋ..."

ಲಾವಣ್ಯಾ ಸೌಟು ಕೆಳಗಿಟ್ಟಳು. ಶನಿವಾರಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು.

ಒಳಗೆ ಬಂದ ಶಿವಪ್ರಸಾದ ಸೋಫಾದ ಕೆಳಗೆ ತಲೆ ತೂರಿಸಿದ್ದ. ಸೋಫಾದ ಮೇಲೆ ಮಾವ ಕಿವಿಗೆ ಅದೇನೋ ಕಡ್ಡಿ ಹಾಕಿಕೊಂಡು, ಗುರಿಯಿಡುವವರಂತೆ ಒಂದು ಕಣ್ಣು ಮುಚ್ಚಿ, ಪರಮಾನಂದದಲ್ಲಿದ್ದರು.

"ಏನ್ರೀ ಹುಡುಕ್ತಿದೀರಾ?" ಲಾವಣ್ಯಾಳ ದನಿ ಫ್ರೀಜರಿನಿಂದ ಬಂತು.

"ಪೆನ್ನು."

"ಪೆನ್ನೋ, ಪೆಗ್ಗೋ?"

ಹೇಳಿದರೆ ಸಂಜೆಯ ಸರ್‌ಪ್ರೈಸ್ ಕೆಡುತ್ತದೆ. ಅವನು ಕಸದ ಚೀಲದ ನೆನಪಾಗಿ ಕೆಳಕ್ಕೆ ಓಡಿದ. ಚೀಲ ಆಗಲೇ ಪಾರ್ಕಿಂಗ್ ಲಾಟಿನ ದೊಡ್ಡ ಕಸದತೊಟ್ಟಿಯಾದ ಡಂಪ್‌ಸ್ಟರು ಸೇರಿತ್ತು. ಅವನೂ ಸೇರಿದ. ಸೊಂಟದ ಮೇಲಿನ ಭಾಗ ಒಳಗೆ, ಕಾಲು ಆಕಾಶಕ್ಕೆ.

"ನೋಡಿ, ನೋಡಿ," ಜಲಜಾಕ್ಷಿ ಬಾಲ್ಕನಿಯಿಂದ ಗಂಡನಿಗೆ ತೋರಿಸಿದರು. "ರೇಸಿನ ಚೀಟಿ ಹುಡುಕುವುದು. ಕುದುರೆ ಹುಚ್ಚು ಅಂದ್ರೆ ಹೀಗೆ."

ಅವರ ಗಂಡ ನಿತ್ಯಾನಂದ ಮೋಟೆಲ್ ನಡೆಸುವವರು. ಹೆಂಡತಿಯ ಆಜ್ಞೆಯಂತೆ ಆರು ತಿಂಗಳಿಂದ ಓಟ್ಸ್ ಗಂಜಿಯ ಮೇಲಿದ್ದವರು. ಓಟ್ಸ್ ತಿನ್ನುವವರಿಗೆ ಕುದುರೆಯ ನೆನಪಾದರೆ ತಪ್ಪೇನು? ಅವರು ಡಂಪ್‌ಸ್ಟರನ್ನೇ ಬಹಳ ಹೊತ್ತು ನೋಡಿದರು.

ಶಿವಪ್ರಸಾದ ಬಾಳೆಸಿಪ್ಪೆಯ ಸಮೇತ ಮೇಲೆ ಬಂದಾಗ ಮಾವ ಕಾಯುತ್ತಿದ್ದರು. ಅವನನ್ನು ರೂಮಿಗೆ ಕರೆದು ಬಾಗಿಲು ಹಾಕಿದರು. ಇನ್ನು ಕೋರ್ಟ್ ಮಾರ್ಷಲ್ಲೇ ಎಂದುಕೊಂಡ.

"ಅಳಿಯಂದಿರೇ," ಎಂದರು ಮಾವ.

ಅವನು ಮಂಚದ ಅಂಚು ಹಿಡಿದುಕೊಂಡ.

"ವಿಷಯ ಕಿವಿಗೆ ಬಿತ್ತು. ನಿಮ್ಮನ್ನ ನಾನು ಏನೋ ಅಂದ್ಕೊಂಡಿದ್ದೆ. ಯಾವ ಕುದುರೆ?"

ಗುಟ್ಟು ರಟ್ಟಾಯಿತೆಂದು ಶಿವಪ್ರಸಾದನಿಗೆ ಎದೆ ಹಗುರವಾಯಿತು. "ಹಳೇದೇ ಮಾವ. ನೀವು ಚೆನ್ನಾಗಿ ಬಲ್ಲ ಕುದುರೆ."

"ಹಳೇದನ್ನ ನಂಬಬಾರದು. ಇರ್ಲಿ, ಗುಂಡು ಯಾಕೆ ಬೇಡ ಅಂದ್ರಿ?"

"ಮನೇಲಿ ಗುಂಡು ಕಂಡ್ರೆ ನಿಮಗೆ ಬೇಜಾರಾಗಬಹುದು ಅಂತ..."

"ಯಾರ್ರೀ ಹಂಗಂದೋರು? ನಾಲ್ಕು ತಿಂಗಳಿಂದ ನಿಮ್ಮನೇಲಿ ಬರೀ ಬಾದಾಮಿ ಹಾಲು ಕುಡ್ದು ಕುಡ್ದು ನಾಲಿಗೆ ಸತ್ತೋಗಿದೆ. ಅಳಿಯ ಅಂದ್ರೆ ಹಿಂಗಿರ್ಬೇಕು. ಎಲ್ಲಿ, ತೋರ್ಸಿ ನೋಡಣ."

ಎರಡು ಸಲ ಅಳಿಯ. ಶಿವಪ್ರಸಾದ ಚಳಿಗಾಲದ ಕೋಟುಗಳ ಹಿಂದಿನಿಂದ ಬೆಡ್‌ಶೀಟು ಸುತ್ತಿದ ಉದ್ದನೆಯ ಗಂಟನ್ನು ಹೊತ್ತು ತಂದ. ಬಾಗಿಲಿಗೆ ಕಿವಿಯಿಟ್ಟಿದ್ದ ಲಾವಣ್ಯಾ ಮತ್ತು ಜಲಜಾಕ್ಷಿ ಒಟ್ಟಿಗೇ ಒಳಬಿದ್ದರು. ಬಾಟಲಿಗೆ ಇಷ್ಟು ಉದ್ದವಿರುವುದಿಲ್ಲವಲ್ಲ ಎಂಬ ಅನುಮಾನ ಎಲ್ಲರ ಮುಖದಲ್ಲೂ ಇತ್ತು.

ಬೆಡ್‌ಶೀಟು ಸರಿಯಿತು.

"ಇದು ಅದೇ ಅಲ್ವಾ?" ಎಂದರು ಮಾವ, ಸಾಲ ಕೊಟ್ಟವನನ್ನು ತಿರುವಿನಲ್ಲಿ ಕಂಡವರಂತೆ.

"ಅದೇ ಮಾವ. ಹ್ಯಾಪಿ ಬರ್ತ್‌ಡೇ. ಅಳತೆ, ದುರ್ಬೀನು, ಕೆನ್ನೆ ಊರೋ ಮರ, ಎಲ್ಲಾ ಕರೆಕ್ಟು. ತೂಕಕ್ಕೆ ಅಂತ ಒಳಗೆ ಸೀಸ ತುಂಬಿದೀನಿ."

ಮಾವ ಅದನ್ನೆತ್ತಿ ಭುಜಕ್ಕೇರಿಸಿದರು. ಭುಜ ಲಟ್ ಎಂದಿತು.

"ತೂಕಾನೂ ಅಷ್ಟೇ ಇದೆ," ಎಂದು ನರಳಿದರು. "ಈ ಭುಜದ ನೋವು ಇದರ ಬಳುವಳಿ ಕಣ್ರೀ. ಇನ್ನು ಇದರ ಮುಖ ನೋಡಬಾರ್ದು ಅಂತಲೇ ಪೆನ್ಶನ್ ತಗೊಂಡೆ. ಅಮೆರಿಕಕ್ಕೂ ಹುಡುಕ್ಕೊಂಡು ಬಂತಾ? ಹಂಗಾದ್ರೆ ಕುದುರೆ?"

"ಇದರದ್ದೇ ಮಾವ. ಅದೂ ಕಳೆದೋಯ್ತು."

"ಗುಂಡು?"

"ಮರದ್ದು."

ಲಾವಣ್ಯಾ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತ ಗೋಡೆಗೊರಗಿದಳು. ಮಾವ ಕೋವಿಯನ್ನು ಅವನ ಕೈಗೇ ವಾಪಸು ಕೊಟ್ಟು, "ದಾರಿ ಬಿಡಿ ಬಟನ್ ಮಾಸ್ಟ್ರೇ," ಎಂದರು.

ಕೆಳಗೆ ಹಾರ್ನ್ ಕೇಳಿಸಿತು. ಕಾರಿನಲ್ಲಿ ನಿತ್ಯಾನಂದ, ಇಸ್ತ್ರಿ ಮಾಡಿದ ಅಂಗಿಯಲ್ಲಿ.

"ಎಲ್ಲಿಗೆ ಹೊರಟದ್ದು ನೀವು?" ಜಲಜಾಕ್ಷಿ ಬಾಲ್ಕನಿಗೆ ಓಡಿ ಚೀರಿದರು.

"ರೇಸಿಗೆ. ಬೆಳಿಗ್ಗೆಯಿಂದ ಕುದುರೆ, ಕುದುರೆ ಅಂತ ಆಸೆ ಹುಟ್ಟಿಸಿದ್ದು ನೀನೇ ಅಲ್ವಾ?"

ಮಾವ ನೋಡನೋಡುತ್ತಲೇ ಮೆಟ್ಟಿಲಿಳಿದು ಕಾರಿನ ಮುಂದಿನ ಸೀಟು ಹಿಡಿದಿದ್ದರು. ಜಲಜಾಕ್ಷಿ ಹಿಂದೆಯೇ ಬಂದ ಶಿವಪ್ರಸಾದನತ್ತ ತಿರುಗಿದರು. "ನಮ್ಮವರನ್ನು ಹಾಳು ಮಾಡಿದಿರಲ್ಲ ಮಾರಾಯ್ರೇ. ಒಂದು ತುಂಡು ಮರಕ್ಕೆ ಬೇರೆ ಹೆಸರೇ ಇರ್ಲಿಲ್ವಾ ನಿಮಗೆ?"

ಅವನ ಕಣ್ಣು ಕೆಳಗಿನ ಕಾರಿನ ಮೇಲಿತ್ತು. ಕಾರಿನ ಕಿಟಕಿಯಲ್ಲಿ ಮಾವ ಜೇಬಿನಿಂದ ಬೆರಳುದ್ದದ, ಬಾಗಿದ, ಕರಿಬಣ್ಣದ ಕಡ್ಡಿಯೊಂದನ್ನು ತೆಗೆದು, ಒಂದು ಕಣ್ಣು ಮುಚ್ಚಿ, ಕಿವಿಗಿಟ್ಟುಕೊಳ್ಳುತ್ತಿದ್ದರು.

"ಮಾವ, ಅದು ನನ್ನ ಕುದುರೆ," ಎಂದು ಅವನು ಕೋವಿ ಹೊತ್ತೇ ಬಾಲ್ಕನಿಯಿಂದ ಬಗ್ಗಿ ಕೂಗಿದ.

ಹೊರಟ ಕಾರಿನಿಂದ ಮಾವ ಖಾಲಿಯಿದ್ದ ಕಿವಿಯನ್ನು ಹೊರಗೆ ಹಾಕಿದರು.

"ನಂಬರ್ ಹೇಳಿ ಬಟನ್ ಮಾಸ್ಟ್ರೇ, ಅದರ ಮೇಲೂ ಐದು ಡಾಲರ್ ಹಾಕ್ತೀನಿ."